ನಡೆದು ಬಂದ ಹಿರಿಯರು ನಡೆದೇ ಮನೆಗೆ ಹೋಗಲಿ

ಉತ್ತರ ಕನ್ನಡದ ಜಿಲ್ಲಾಧಿಕಾರಿಗಳಿಗೆ, ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಅಧಿಕಾರಿಗಳಿಗೆ, ಕಾರವಾರದ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಮುಖ್ಯಸ್ಥರಿಗೆ, ತಾಲೂಕು ಆಸ್ಪತ್ರೆಗಳ ಆಡಳಿತ ವೈದ್ಯಾಧಿಕಾರಿಗಳಿಗೆ, ಆರೋಗ್ಯ ರಕ್ಷಾ ಸಮಿತಿಗಳ ಸದಸ್ಯರಿಗೆ ಮತ್ತು ಜಿಲ್ಲೆಯಲ್ಲಿ ಆಸ್ಪತ್ರೆ ನಡೆಸುತ್ತಿರುವ ಎಲ್ಲ ವೈದ್ಯರಿಗೆ

ಮಾನ್ಯರೇ,

ಮಧ್ಯಾಹ್ನ ಮೂರರ ಹೊತ್ತಿಗೆ ಯಾವುದಾದರೂ ಮೆಡಿಕಲ್ ವಾರ್ಡಿಗೆ ಒಮ್ಮೆ ಹೋಗಿ ನೋಡಿ. ಸರಕಾರಿಯದಿರಲಿ, ಖಾಸಗಿಯದಿರಲಿ, ಘಟ್ಟದ ಮೇಲಿನದಿರಲಿ, ಕೆಳಗಿನದಿರಲಿ, ಕಾಣುವುದು ಒಂದೇ. ಎಪ್ಪತ್ತು ದಾಟಿದವರು ಬಹುತೇಕ ಎಲ್ಲರೂ ಮಲಗಿರುತ್ತಾರೆ. ಜ್ವರ ಬಿಟ್ಟವರೂ ಮಲಗಿರುತ್ತಾರೆ, ಉಬ್ಬಸ ತಹಬಂದಿಗೆ ಬಂದವರೂ ಮಲಗಿರುತ್ತಾರೆ, ನಾಳೆ ಡಿಸ್ಚಾರ್ಜ್ ಎಂದು ಬೆಳಗಿನ ರೌಂಡ್ಸ್‌ನಲ್ಲಿ ಹೇಳಿಸಿಕೊಂಡವರೂ ಮಲಗಿರುತ್ತಾರೆ. ಹೀಗೆ ಮಲಗಿಯೇ ಇರಬೇಕೆಂದು ಅವರ ಕೇಸ್ ಶೀಟಿನಲ್ಲಿ ಯಾವ ಡಾಕ್ಟರೂ ಬರೆದಿರುವುದಿಲ್ಲ. ಏಳಿಸಿ, ಕೂರಿಸಿ, ನಡೆಸಿ ಎಂದೂ ಯಾರೂ ಬರೆದಿರುವುದಿಲ್ಲ. ಆ ಎರಡನೆಯದನ್ನು ಬರೆಯುವ ಪದ್ಧತಿ ಜಿಲ್ಲೆಯ ಎಲ್ಲ ಆಸ್ಪತ್ರೆಗಳಲ್ಲಿ ಶುರುವಾಗಲಿ ಎಂದು ಕೇಳಿಕೊಳ್ಳಲು ಈ ಪತ್ರ.

ನಾನು ನಿವೃತ್ತ ಶುಶ್ರೂಷಕಿ. ಊರು ಶಿರಸಿಯ ಹತ್ತಿರ. ಘಟ್ಟದ ಕೆಳಗೂ ಮೇಲೂ ಸರಕಾರಿ ಆಸ್ಪತ್ರೆಗಳಲ್ಲಿ ಕೆಲಸ ಮಾಡಿದ್ದೇನೆ, ಹೆಚ್ಚಿನ ಕಾಲ ಮೆಡಿಕಲ್ ವಾರ್ಡಿನಲ್ಲಿ. ಈಗ ಆಸ್ಪತ್ರೆಗೆ ಹೋಗುವುದು ಮನೆಯವರ, ನೆರೆಹೊರೆಯವರ ಜೊತೆಗೆ ಕೂರುವವಳಾಗಿ. ಮಂಚದ ಎರಡೂ ಬದಿಯಲ್ಲಿ ನಿಂತು ನೋಡಿದ್ದರಿಂದ ಇಷ್ಟು ಧೈರ್ಯವಾಗಿ ಬರೆಯುತ್ತಿದ್ದೇನೆ.

ಮಲಗಿದರೆ ಮೈಗೆ ವಿಶ್ರಾಂತಿ ಎಂಬುದು ನಮ್ಮೆಲ್ಲರ ನಂಬಿಕೆ. ಇಪ್ಪತ್ತರ ಹರೆಯದವರಿಗೆ ಅದು ಒಂದು ಮಟ್ಟಿಗೆ ನಡೆದೀತು. ವಯಸ್ಸಾದವರ ಕಾಲಿಗೆ ಅದು ದೊಡ್ಡ ಪೆಟ್ಟು. ಅಮೆರಿಕದಲ್ಲಿ 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸರಾಸರಿ 67 ವರ್ಷದ, ಯಾವ ಕಾಯಿಲೆಯೂ ಇಲ್ಲದ ಆರೋಗ್ಯವಂತರನ್ನು 10 ದಿನ ಹಾಸಿಗೆಯಲ್ಲೇ ಇರಿಸಿ ನೋಡಿದರು. ಹತ್ತೇ ದಿನದಲ್ಲಿ ಅವರ ಕಾಲುಗಳಿಂದ ಸುಮಾರು ಒಂದು ಕೆಜಿಯಷ್ಟು ಮಾಂಸಖಂಡ ಕರಗಿತ್ತು. ಇವರು ಹೊತ್ತುಹೊತ್ತಿಗೆ ಉಂಡು, ಜ್ವರವಿಲ್ಲದೆ ಮಲಗಿದ್ದವರು. ನ್ಯುಮೋನಿಯಾ ಬಂದು, ಊಟ ಸೇರದೆ ಮಲಗಿದ ಎಂಬತ್ತರ ಅಜ್ಜನ ಗತಿ ಇದಕ್ಕಿಂತ ಕಷ್ಟ. 2009ರ ಇನ್ನೊಂದು ಅಧ್ಯಯನದಲ್ಲಿ, ಆಸ್ಪತ್ರೆಗೆ ಬರುವ ಮುಂಚೆ ಚೆನ್ನಾಗಿ ಓಡಾಡುತ್ತಿದ್ದ ಹಿರಿಯರ ಕಾಲಿಗೆ ಸಣ್ಣ ಅಳತೆ ಯಂತ್ರ ಕಟ್ಟಿ ನೋಡಿದಾಗ, ಆಸ್ಪತ್ರೆಯಲ್ಲಿದ್ದ ಹೊತ್ತಿನಲ್ಲಿ ನೂರಕ್ಕೆ 83 ಪಾಲನ್ನು ಅವರು ಮಲಗೇ ಕಳೆದಿದ್ದರು. ಎಪ್ಪತ್ತು ದಾಟಿ ಆಸ್ಪತ್ರೆ ಸೇರಿದವರಲ್ಲಿ ಮೂವರಿಗೆ ಒಬ್ಬರು, ಸ್ನಾನ, ಬಟ್ಟೆ, ಶೌಚ, ನಡಿಗೆ ಇಂಥ ಯಾವುದಾದರೂ ಒಂದರಲ್ಲಿ ಮೊದಲಿದ್ದಷ್ಟು ಸ್ವಾವಲಂಬನೆ ಉಳಿಯದೆ ಮನೆಗೆ ಹೋಗುತ್ತಾರೆ ಎಂದು ಅಲ್ಲಿನ ವೈದ್ಯರು ಎರಡು ದಶಕದ ಹಿಂದೆಯೇ ಲೆಕ್ಕ ಹಾಕಿ ತೋರಿಸಿದ್ದಾರೆ. ಬಂದ ಕಾಯಿಲೆ ವಾಸಿಯಾಗಿರುತ್ತದೆ. ಶ್ವಾಸಕೋಶದ ಎಕ್ಸ್‌ರೇ ಸ್ವಚ್ಛವಾಗಿರುತ್ತದೆ. ಆದರೆ ಮನುಷ್ಯ ಎದ್ದು ನಿಲ್ಲಲಾರ.

ಕಾಲಿನ ಬಲವೊಂದೇ ಹೋಗುವುದೂ ಅಲ್ಲ. ಅಂಗಾತ ಮಲಗಿದವರಿಗೆ ಕಫ ಕೆಳಗೆ ಇಳಿದು ಕೂರುತ್ತದೆ, ಹೊಸದಾಗಿ ನ್ಯುಮೋನಿಯಾ ಹಿಡಿಯುತ್ತದೆ. ಮಲ ಕಟ್ಟುತ್ತದೆ. ಮೀನಖಂಡದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಟೊಂಕ, ಹಿಮ್ಮಡಿಗಳಲ್ಲಿ ಚರ್ಮ ಕೆಂಪಾಗಿ ಕೆಲವೇ ಗಂಟೆಗಳಲ್ಲಿ ಹಾಸಿಗೆ ಹುಣ್ಣು ಶುರುವಾಗುತ್ತದೆ. ನಾಲ್ಕು ದಿನ ಮಲಗಿದವರನ್ನು ಒಮ್ಮೆಲೇ ಎಬ್ಬಿಸಿದರೆ ಬಿ.ಪಿ. ಧಸಕ್ಕನೆ ಇಳಿದು ಕಣ್ಣು ಕತ್ತಲೆ ಕಟ್ಟುತ್ತದೆ. ರಾತ್ರಿ ಹೊತ್ತು ಏನೇನೋ ಮಾತಾಡುವುದು, ಮಗಳನ್ನೇ ಗುರುತು ಹಿಡಿಯದಿರುವುದು, ಸಲೈನ್ ಸೂಜಿ ಕಿತ್ತು ಬಿಸಾಡುವುದು ಶುರುವಾದರೆ ಮನೆಯವರು "ಅರಳುಮರಳು ಬಂತು" ಎಂದು ಕೈಚೆಲ್ಲುತ್ತಾರೆ. ಅದು ಅರಳುಮರಳಲ್ಲ, ಡೆಲಿರಿಯಂ. ಕಾಯಿಲೆ, ನಿದ್ದೆಗೇಡು, ಕನ್ನಡಕ ಇಲ್ಲದ ಮಸುಕು, ಹಗಲು ರಾತ್ರಿ ಗೊತ್ತಾಗದ ಮಲಗುವಿಕೆ ಎಲ್ಲ ಸೇರಿ ಬರುವಂಥದ್ದು. ಎಷ್ಟೋ ಬಾರಿ ತಡೆಯಬಹುದಾದದ್ದು.

ಈ ಮಾತುಗಳು ಹೊಸವೇನಲ್ಲ. 1947ರಲ್ಲೇ ರಿಚರ್ಡ್ ಆಶರ್ ಎಂಬ ಇಂಗ್ಲೆಂಡಿನ ವೈದ್ಯರು ಹಾಸಿಗೆಯ ಅಪಾಯಗಳ ಬಗ್ಗೆ ಅಲ್ಲಿನ ವೈದ್ಯಕೀಯ ಪತ್ರಿಕೆಯಲ್ಲಿ ಅಂಗ ಅಂಗಕ್ಕೂ ಹೆಸರಿಟ್ಟು ಬರೆದಿದ್ದರು. ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷದಿಂದ ಗೊತ್ತಿರುವ ವಿಷಯ ನಮ್ಮ ವಾರ್ಡುಗಳಿಗೆ ಇನ್ನೂ ಬಂದು ತಲುಪಿಲ್ಲ ಎಂಬುದೇ ನನ್ನ ಸಂಕಟ.

ನನ್ನ ಅತ್ತೆಯವರದ್ದನ್ನೇ ಹೇಳುತ್ತೇನೆ. ಎಪ್ಪತ್ತೆಂಟರ ವಯಸ್ಸಿನಲ್ಲಿ ಕೊಟ್ಟಿಗೆಗೆ ಹೋಗಿ ಬರುತ್ತಿದ್ದವರು, ಕೊನೆಕೊಯ್ಲಿನ ಕಾಲದಲ್ಲಿ ರಾತ್ರಿ ಎಲ್ಲರ ಜೊತೆ ಕೂತು ಅಡಿಕೆ ಸುಲಿಯುತ್ತಿದ್ದವರು. ಮಳೆಗಾಲದ ನಡುವೆ ಚಳಿಜ್ವರ ಬಂತು. ಮೂತ್ರದ ಸೋಂಕು. ಮೈಮೇಲೆ ಎಚ್ಚರ ತಪ್ಪುವಂತಾಗಿ ಆಸ್ಪತ್ರೆಗೆ ಸೇರಿಸಿದರು. ನಾನು ಆಗ ಮಗಳ ಮನೆಯಲ್ಲಿದ್ದೆ, ದೂರದ ಊರು. ಆಸ್ಪತ್ರೆಯ ಹೆಸರು ಬೇಡ, ಅಲ್ಲಿನವರು ಒಳ್ಳೆಯವರೇ. ಆಂಟಿಬಯೋಟಿಕ್ ಸರಿಯಾದದ್ದನ್ನೇ ಕೊಟ್ಟಿದ್ದರು, ಮೂರನೇ ದಿನಕ್ಕೆ ಜ್ವರ ಬಿಟ್ಟಿತ್ತು. ಮೊದಲ ದಿನ ಮೂತ್ರದ ಪ್ರಮಾಣ ಅಳೆಯಲು ಪೈಪ್ ಹಾಕಿದ್ದರು, ಅದೂ ಬೇಕಾದದ್ದೇ. ಆದರೆ ಜ್ವರ ಬಿಟ್ಟ ಮೇಲೂ ಪೈಪ್ ಹಾಗೇ ಉಳಿಯಿತು. ಪೈಪ್ ಇದ್ದ ಮೇಲೆ ಬಚ್ಚಲಿಗೆ ಹೋಗುವ ಕೆಲಸ ಇಲ್ಲ. ಬಚ್ಚಲಿಗೆ ಹೋಗದ ಮೇಲೆ ಏಳುವ ಕೆಲಸ ಇಲ್ಲ. ಒಂದು ಕೈಯಲ್ಲಿ ಸಲೈನ್ ಸೂಜಿ, ಮಂಚದ ಎರಡೂ ಬದಿ ಎತ್ತಿ ಕಟ್ಟಿದ ಕಬ್ಬಿಣದ ಕಟಾಂಜನ, ಮಂಚದ ಕೆಳಗೆ ಮೂತ್ರದ ಚೀಲ. ಮಗ, ಮೊಮ್ಮಗ ಪಾಳಿ ಮೇಲೆ ಕೂತು ಚಮಚದಲ್ಲಿ ಗಂಜಿ ಕುಡಿಸಿದರು. ಅಲುಗಾಡಿದರೆ "ಮಲ್ಕ, ಮಲ್ಕ, ಏಳಡ" ಎಂದರು. ಎಲ್ಲರದ್ದೂ ಪ್ರೀತಿಯೇ.

ಮನೆಗೆ ಹೊರಡುವ ದಿನ ನಾನು ಪಕ್ಕದಲ್ಲಿದ್ದೆ. ಮಂಚದ ಅಂಚಿಗೆ ಕೂರಿಸಿದೆ. ಮಂಚ ಎತ್ತರ, ಅತ್ತೆ ಕುಳ್ಳಗಿನವರು, ಅವರ ಪಾದ ನೆಲಕ್ಕೆ ಮುಟ್ಟಲೇ ಇಲ್ಲ. ಬೆರಳ ತುದಿಯಿಂದ ನೆಲವನ್ನು ತಡಕಾಡಿದರು. ಕೆಳಗೆ ಇಳಿಸಿ ನಿಲ್ಲಿಸಿದಾಗ ಮಂಡಿ ಗಡಗಡ ನಡುಗಿತು. ಸಲೈನ್ ಸ್ಟ್ಯಾಂಡನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು, ಅದಕ್ಕೆ ಚಕ್ರ, ಅದೂ ಜಾರಿತು. "ಯಂಗೆ ಕಾಲಲ್ಲಿ ತ್ರಾಣವೇ ಇಲ್ಯೆ ತಂಗಿ" ಎಂದರು. ಅವರನ್ನು ವಾಹನದಿಂದ ಮನೆಯೊಳಗೆ ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಹೋಗಬೇಕಾಯಿತು. ಡಿಸ್ಚಾರ್ಜ್ ಚೀಟಿಯಲ್ಲಿ ಸ್ಥಿತಿ ಸುಧಾರಿಸಿದೆ ಎಂದು ಬರೆದಿತ್ತು. ರಕ್ತ ಪರೀಕ್ಷೆಯ ಮಟ್ಟಿಗೆ ಅದು ನಿಜ. ದಿನಾ ಬೆಳಿಗ್ಗೆ ಸಂಜೆ ಗೋಡೆ ಹಿಡಿಸಿ ನಿಲ್ಲಿಸಿ, ಕೂರಿಸಿ, ಏಳಿಸಿ, ಜಗಲಿಯ ಉದ್ದಕ್ಕೂ ನಡೆಸಿ, ಅವರು ಮತ್ತೆ ತಾವಾಗಿ ಅಂಗಳಕ್ಕೆ ಇಳಿದದ್ದು ಕೊನೆಕೊಯ್ಲು ಶುರುವಾದ ಮೇಲೆ. ಮನೆಯಲ್ಲಿ ನರ್ಸ್ ಇದ್ದ ಕಾರಣಕ್ಕೆ ಇಷ್ಟಾಯಿತು. ಹಾಗಿಲ್ಲದ ಮನೆಗಳಲ್ಲಿ ಅಲ್ಲಿಗೇ ಹಾಸಿಗೆ ಹಿಡಿದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ನಮ್ಮ ಜಿಲ್ಲೆಯಲ್ಲಿ ಕಾಲಿನ ಬಲಕ್ಕೆ ಬೇರೆಡೆಗಿಂತ ಹೆಚ್ಚು ಬೆಲೆಯಿದೆ, ಇದನ್ನು ದಯವಿಟ್ಟು ಗಮನಿಸಬೇಕು. 12 ತಾಲೂಕು, 10 ಸಾವಿರ ಚದರ ಕಿಲೋಮೀಟರಿಗೂ ಹೆಚ್ಚು ವಿಸ್ತಾರ, ಬಹುಪಾಲು ಕಾಡು, ಗುಡ್ಡ. ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆ ಮನೆಯಿಂದ ಮನೆಗೆ ತೋಟ ದಾಟಿ ಹೋಗಬೇಕು. ಎಷ್ಟೋ ಕಡೆ ಮಳೆಗಾಲದಲ್ಲಿ ಹಳ್ಳಕ್ಕೆ ಕಾಲುಸಂಕವೇ ಗತಿ. ಅಂಗಳದಲ್ಲಿ ಹಾವಸೆ ಕಟ್ಟುತ್ತದೆಂದು ಅಡಿಕೆ ದಬ್ಬೆ ಹಾಸಿಕೊಂಡು ಅದರ ಮೇಲೆ ಹೆಜ್ಜೆಯಿಟ್ಟು ನಡೆಯುವವರು ನಾವು. ಜೋಯಿಡಾದ ಹಳ್ಳಿಗಳಲ್ಲಿ ಬಸ್ಸು ನಿಲ್ಲುವ ಜಾಗಕ್ಕೂ ಮನೆಗೂ ಮೈಲಿಗಟ್ಟಲೆ ಇರುತ್ತದೆ. ಕರಾವಳಿಯಲ್ಲಿ ಮೀನಿನ ಬುಟ್ಟಿ ಹೊತ್ತು ಮನೆಮನೆಗೆ ತಿರುಗುವ, ತರಕಾರಿ ಬೆಳೆದು ಸಂತೆಗೆ ತಂದು ಮಾರುವ ಅರವತ್ತು, ಎಪ್ಪತ್ತರ ಹೆಂಗಸರು ಎಷ್ಟಿಲ್ಲ. ಅವರ ಕಾಲು ಹೋದರೆ ದುಡಿಮೆಯೇ ಹೋಯಿತು. ಮಕ್ಕಳು ಬೆಂಗಳೂರು, ಗೋವಾ, ಮುಂಬೈ ಸೇರಿ, ಮುದುಕ ಮುದುಕಿ ಇಬ್ಬರೇ ಉಳಿದ ಮನೆಗಳು ಪ್ರತಿ ಊರಲ್ಲೂ ಇವೆ. ಅಲ್ಲಿ ಒಬ್ಬರು ಏಳಲಾರದಂತಾದರೆ ಇನ್ನೊಬ್ಬರ ಬೆನ್ನೂ ಮುರಿಯುತ್ತದೆ.

ಜಿಲ್ಲೆಗೆ ಸುಸಜ್ಜಿತ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು 2022ರಲ್ಲಿ ನಮ್ಮ ಹುಡುಗರು ಎಬ್ಬಿಸಿದ ಕೂಗಿಗೆ ನಾನೂ ದನಿಗೂಡಿಸಿದವಳು. ಆ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಗೇಟಿನಲ್ಲಿ ಪಲ್ಟಿಯಾದದ್ದನ್ನು ಇಲ್ಲಿನ ಯಾರೂ ಮರೆಯುವಂತಿಲ್ಲ. ಆ ಬೇಡಿಕೆ ಹಾಗೇ ಇರಲಿ. ನಾನೀಗ ಕೇಳುತ್ತಿರುವುದಕ್ಕೆ ಹೊಸ ಕಟ್ಟಡ ಬೇಕಿಲ್ಲ, ಕೋಟಿಗಟ್ಟಲೆ ಯಂತ್ರ ಬೇಕಿಲ್ಲ. ಇರುವ ವಾರ್ಡಿನಲ್ಲಿ, ಇರುವ ಜನರಿಂದ ಆಗುವಂಥದ್ದು.

ಆಗುತ್ತದೆ ಎಂಬುದಕ್ಕೆ ಹೊರಗೆ ಮಾಡಿ ತೋರಿಸಿದವರಿದ್ದಾರೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಶರಾನ್ ಇನೌಯೆ ಎಂಬ ವೈದ್ಯೆಯ ತಂಡ 70 ದಾಟಿದ 852 ರೋಗಿಗಳ ಮೇಲೆ ಒಂದು ಪ್ರಯೋಗ ನಡೆಸಿ 1999ರಲ್ಲಿ ಫಲಿತಾಂಶ ಪ್ರಕಟಿಸಿತು. ದಿನಕ್ಕೆ ಕೆಲವು ಬಾರಿ ನಡೆಸುವುದು, ಕನ್ನಡಕ ಮತ್ತು ಕಿವಿಯ ಯಂತ್ರ ಹಾಕಿಸುವುದು, ಇವತ್ತು ಯಾವ ವಾರ ಎಂದು ನೆನಪಿಸುತ್ತ ಮಾತಾಡಿಸುವುದು, ನೀರು ಕುಡಿಸುವುದು, ರಾತ್ರಿ ನಿದ್ದೆಗೆ ಗದ್ದಲ ಕಡಿಮೆ ಮಾಡುವುದು, ಇವಿಷ್ಟೇ ಮದ್ದು. ಇದರಲ್ಲಿ ಬಹಳಷ್ಟನ್ನು ಮಾಡಿದವರು ತರಬೇತಿ ಪಡೆದ ಸ್ವಯಂಸೇವಕರು. ಹೀಗೆ ನೋಡಿಕೊಂಡವರಲ್ಲಿ ಡೆಲಿರಿಯಂ ಬಂದದ್ದು 9.9 ಶೇಕಡ ಜನರಿಗೆ, ಮಾಮೂಲಿನಂತೆ ನೋಡಿಕೊಂಡವರಲ್ಲಿ 15 ಶೇಕಡ ಜನರಿಗೆ. ಇನ್ನೊಂದು ಸ್ಪೇನ್ ದೇಶದ ಪಾಂಪ್ಲೋನಾದ್ದು, 2019ರದು. ಅಲ್ಲಿ 370 ರೋಗಿಗಳು, ಅವರ ಸರಾಸರಿ ವಯಸ್ಸು 87. ಅರ್ಧ ಜನರಿಗೆ ದಿನಕ್ಕೆ ಎರಡು ಬಾರಿ, ಪ್ರತಿಸಲ ಇಪ್ಪತ್ತು ನಿಮಿಷದಷ್ಟು ನಡಿಗೆ, ಕುರ್ಚಿಯಿಂದ ಏಳುವುದು, ಕಾಲಿಗೆ ಬಲ ಕೊಡುವ ವ್ಯಾಯಾಮ, ಬೆಳಗಿನದು ತಜ್ಞರ ಕಣ್ಣೆದುರಿಗೇ. ಉಳಿದವರಿಗೆ ಮಾಮೂಲಿ ಆರೈಕೆ. ಮಾಮೂಲಿ ಆರೈಕೆಯವರು ಬಂದಾಗಿನದಕ್ಕಿಂತ ಸೊರಗಿ ಹೊರಟರು. ವ್ಯಾಯಾಮ ಮಾಡಿದವರು ಸೊರಗಲಿಲ್ಲ, ಒಂದಿಷ್ಟು ಚೇತರಿಸಿಕೊಂಡೇ ಹೊರಟರು. ವ್ಯಾಯಾಮದಿಂದ ಯಾರಿಗೂ ತೊಂದರೆಯಾಗಲಿಲ್ಲ. ನಮ್ಮ ಹಳ್ಳಿಗಳಲ್ಲಿ 87 ವರ್ಷದವರಿಗೆ ವ್ಯಾಯಾಮ ಎಂದರೆ ಜನ ಬೆಚ್ಚಿಬೀಳುತ್ತಾರೆ. ಅದಕ್ಕೇ ಈ ಲೆಕ್ಕವನ್ನು ಇಲ್ಲಿ ಇಟ್ಟಿದ್ದೇನೆ.

ಕಾನೂನೂ ನಮ್ಮ ಕಡೆಗಿದೆ. ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣಕ್ಕಾಗಿ 2007ರಲ್ಲಿ ಬಂದ ಕಾಯ್ದೆಯ 20ನೇ ಸೆಕ್ಷನ್, ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲಿ ವೃದ್ಧರ ಚಿಕಿತ್ಸೆಗೆಂದೇ ಮೀಸಲಾದ ವ್ಯವಸ್ಥೆ ಇರಬೇಕು, ಅದಕ್ಕೆ ಆ ವಿಷಯದಲ್ಲಿ ಅನುಭವವಿರುವ ವೈದ್ಯಾಧಿಕಾರಿ ಮುಖ್ಯಸ್ಥರಾಗಿರಬೇಕು ಎನ್ನುತ್ತದೆ. 2010-11ರಲ್ಲಿ ಶುರುವಾದ, ಹಿರಿಯರ ಆರೋಗ್ಯಕ್ಕಾಗಿನ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಜಿಲ್ಲಾ ಆಸ್ಪತ್ರೆಗೆ 10 ಹಾಸಿಗೆಯ ವೃದ್ಧರ ವಾರ್ಡು ಮತ್ತು ಫಿಸಿಯೋಥೆರಪಿ ಘಟಕ ಎಂದಿದೆ. ಈ ಎರಡೂ ಉತ್ತರ ಕನ್ನಡದಲ್ಲಿ ಇವತ್ತು ಯಾವ ಸ್ಥಿತಿಯಲ್ಲಿವೆ ಎಂಬುದನ್ನು ಜಿಲ್ಲಾಡಳಿತ ಜನರ ಮುಂದೆ ಇಡಲಿ ಎಂಬುದು ನನ್ನ ಮೊದಲ ಬೇಡಿಕೆ.

ಇನ್ನು ವಾರ್ಡಿನ ಮಾತು. ಸೇರಿಸಿಕೊಳ್ಳುವಾಗ ಸಕ್ಕರೆ ಕಾಯಿಲೆ ಇದೆಯೇ, ಬಿ.ಪಿ. ಇದೆಯೇ ಎಂದು ಕೇಳಿ ಬರೆಯುತ್ತೇವೆ. ಅದರ ಕೆಳಗೇ ಇನ್ನೊಂದು ಪ್ರಶ್ನೆ ಸೇರಲಿ: ಎರಡು ವಾರದ ಹಿಂದೆ ಇವರು ಹೇಗೆ ಓಡಾಡುತ್ತಿದ್ದರು? ಒಬ್ಬರೇ ನಡೆಯುತ್ತಿದ್ದರೋ, ಕೋಲು ಹಿಡಿಯುತ್ತಿದ್ದರೋ, ಬಚ್ಚಲಿಗೆ ತಾವೇ ಹೋಗುತ್ತಿದ್ದರೋ? ಇದು ಬರೆದಿಲ್ಲವೆಂದರೆ, ಮಂಚದ ಮೇಲೆ ಮುದುಡಿ ಬಿದ್ದಿರುವ ಅಜ್ಜಿಯನ್ನು ನೋಡಿದ ಹೊಸ ಡ್ಯೂಟಿ ಡಾಕ್ಟರು ಇವರು ಮೊದಲಿಂದಲೂ ಹೀಗೇ ಇದ್ದರು ಎಂದುಕೊಳ್ಳುತ್ತಾರೆ. ಮೊನ್ನೆವರೆಗೂ ಗದ್ದೆಗೆ ಹೋಗುತ್ತಿದ್ದವರು ಎಂದು ಗೊತ್ತಾದರೆ ಅವರ ಚಿಕಿತ್ಸೆಯ ಗುರಿಯೇ ಬದಲಾಗುತ್ತದೆ.

ಆಮೇಲೆ, ನಡಿಗೆಯನ್ನು ಔಷಧಿಯ ಹಾಗೆಯೇ ಕೇಸ್ ಶೀಟಿನಲ್ಲಿ ಬರೆಯಬೇಕು. ಬರೆಯದೆ ಇದ್ದದ್ದು ವಾರ್ಡಿನಲ್ಲಿ ಆಗುವುದಿಲ್ಲ, ಇದು ನನ್ನ ಇಡೀ ಸೇವೆಯ ಅನುಭವ. ಆಂಟಿಬಯೋಟಿಕ್ ಬೆಳಿಗ್ಗೆ ಆರಕ್ಕೆ ಎಂದು ಬರೆದಿದ್ದರೆ ಆರಕ್ಕೆ ಹೋಗುತ್ತದೆ, ಹೋಗದಿದ್ದರೆ ಪಾಳಿ ಬದಲಾಗುವಾಗ ಸಿಸ್ಟರ್ ಉತ್ತರ ಕೊಡಬೇಕು. ಹಾಗೆಯೇ ಬರೆಯಲಿ. ಇವತ್ತು ಮಂಚದ ಅಂಚಿಗೆ ಕಾಲು ಇಳಿಬಿಟ್ಟು ಕೂರಿಸಿ, ಮೂರು ಹೊತ್ತೂ. ನಾಳೆ ಊಟಕ್ಕೆ ಕುರ್ಚಿಯಲ್ಲಿ. ನಾಡಿದ್ದು ಹಿಡಿದುಕೊಂಡು ಬಚ್ಚಲಿನವರೆಗೆ. ಆದದ್ದಕ್ಕೆ ಸಹಿ ಹಾಕಲಿ, ಆಗದಿದ್ದರೆ ಯಾಕೆ ಎಂದು ಒಂದು ಸಾಲು ಬರೆಯಲಿ. ರೌಂಡ್ಸ್‌ನಲ್ಲಿ ಡಾಕ್ಟರು ಜ್ವರದ ಪಟ್ಟಿ ನೋಡುವಾಗ ಈ ಸಾಲನ್ನೂ ನೋಡಲಿ, "ನಿನ್ನೆ ಎಷ್ಟು ನಡೆದ್ರಿ ಅಜ್ಜಾ?" ಎಂದು ಕೇಳಲಿ. ಡಾಕ್ಟರು ಕೇಳುವ ಮಾತಿಗೆ ನಮ್ಮ ಅಜ್ಜಂದಿರು ಕೊಡುವಷ್ಟು ಬೆಲೆ ಮಾತ್ರೆಗೂ ಕೊಡುವುದಿಲ್ಲ.

ಮೂತ್ರದ ಪೈಪಿನ ವಿಷಯವನ್ನು ಮತ್ತೆ ಎತ್ತುತ್ತೇನೆ, ಯಾಕೆಂದರೆ ಹಿರಿಯರನ್ನು ಮಂಚಕ್ಕೆ ಕಟ್ಟಿಹಾಕುವುದರಲ್ಲಿ ಅದಕ್ಕೆ ಸಮನಾದದ್ದು ಇನ್ನೊಂದಿಲ್ಲ, ಮೇಲಿಂದ ಹೊಸ ಸೋಂಕು ಬೇರೆ. ಪ್ರತಿದಿನ ಬೆಳಿಗ್ಗೆ ಒಂದೇ ಪ್ರಶ್ನೆ: ಇವತ್ತೂ ಇದು ಬೇಕೇ? ಬೇಡವಾದರೆ ಆಗಲೇ ತೆಗೆಯಲಿ. ರಾತ್ರಿ ಪಾಳಿಯಲ್ಲಿ ಇಡೀ ವಾರ್ಡಿಗೆ ಒಬ್ಬಳೇ ಸಿಸ್ಟರ್ ಇದ್ದಾಗ, ಹಾಸಿಗೆ ಒದ್ದೆಯಾಗುವ ಬದಲು ಪೈಪ್ ಇದ್ದರೆ ಅನುಕೂಲ ಎಂದು ಅನ್ನಿಸುವುದು ನನಗೆ ಗೊತ್ತು. ಆ ಸಿಸ್ಟರನ್ನು ದೂರಿ ಪ್ರಯೋಜನವಿಲ್ಲ. ಖಾಲಿ ಹುದ್ದೆ ತುಂಬಿ, ರಾತ್ರಿಗೆ ಇನ್ನೊಬ್ಬರನ್ನು ಕೊಡಿ. ಅದು ನಿಮ್ಮ ಕೈಯಲ್ಲಿದೆ. ಸಲೈನ್ ಕೂಡ ಹಗಲಿಡೀ ಹನಿಹನಿಯಾಗಿ ಓಡಬೇಕಿಲ್ಲದವರಿಗೆ ಸೂಜಿಗೆ ಮುಚ್ಚಳ ಹಾಕಿ ಕೈ ಬಿಡಿಸಿಕೊಡಬಹುದು.

ಸಿಸ್ಟರುಗಳು ಏಳಿಸಲು ಹಿಂಜರಿಯುವುದಕ್ಕೆ ಇನ್ನೊಂದು ಕಾರಣ ಭಯ. ರೋಗಿ ಬಿದ್ದರೆ ವಿಚಾರಣೆ, ನೋಟೀಸು, ಮನೆಯವರ ಕೂಗಾಟ. ಮಲಗಿಸಿಯೇ ಇಟ್ಟು ಕಾಲು ಸೋತು, ಮನೆಗೆ ಹೋದ ವಾರಕ್ಕೆ ಬಚ್ಚಲಲ್ಲಿ ಬಿದ್ದು ಸೊಂಟ ಮುರಿದರೆ ಯಾರಿಗೂ ನೋಟೀಸಿಲ್ಲ. ವೈದ್ಯರು ಬರೆದಂತೆ, ಹಿಡಿದುಕೊಂಡು, ಎಚ್ಚರದಿಂದ ನಡೆಸುವಾಗ ಏನಾದರೂ ಆದರೆ ಸಿಬ್ಬಂದಿಯ ಬೆನ್ನಿಗೆ ಆಡಳಿತ ನಿಲ್ಲುತ್ತದೆ ಎಂದು ಒಂದು ಸುತ್ತೋಲೆ ಹೊರಡಿಸಿ. ಆ ಒಂದು ಹಾಳೆಯಿಂದ ಆಗುವ ಬದಲಾವಣೆ ದೊಡ್ಡದು.

ಸಾಮಾನಿನ ಪಟ್ಟಿ ಸಣ್ಣದು. ಪ್ರತಿ ಮಂಚದ ಪಕ್ಕ ಕೈಯಿರುವ ಗಟ್ಟಿ ಕುರ್ಚಿ, ಎತ್ತರದ ಮಂಚಕ್ಕೆ ಕಾಲ್ಮಣೆ, ಬಚ್ಚಲಿನ ದಾರಿಗೂ ಒಳಗೂ ಹಿಡಿದುಕೊಳ್ಳಲು ಕಂಬಿ, ಕೂರುವ ಕಮೋಡ್, ವಾರ್ಡಿಗೆ ಎರಡಾದರೂ ವಾಕರ್, ರಾತ್ರಿ ಆರದ ದೀಪ. ಫಿನಾಯಿಲ್ ಹಾಕಿ ಒರೆಸಿದ ನೆಲ ಒಣಗುವ ತನಕ ಯಾರೂ ಕಾಲಿಡದಂತೆ ನೋಡಿಕೊಳ್ಳುವುದು, ಮಳೆಗಾಲದಲ್ಲಂತೂ. ಇಷ್ಟಕ್ಕೆ ಆರೋಗ್ಯ ರಕ್ಷಾ ಸಮಿತಿಯ ಹಣವೇ ಸಾಕು. ಊರಿನ ಸೊಸೈಟಿಗಳು, ದಾನಿಗಳು ಇಲ್ಲಿ ಶಾಲೆಗೆ ಬೆಂಚು ಕೊಡಿಸಿದ್ದಾರೆ, ವಾರ್ಡಿಗೆ ಕುರ್ಚಿ ಕೇಳಿದರೆ ಇಲ್ಲವೆನ್ನಲಾರರು. ಫಿಸಿಯೋಥೆರಪಿಸ್ಟರ ಮಾತು ಬೇರೆ, ಅದಕ್ಕೆ ಹುದ್ದೆಯೇ ಬೇಕು. ತಾಲೂಕು ಆಸ್ಪತ್ರೆಯಲ್ಲಿ ಒಬ್ಬರಾದರೂ ಇರಬೇಕು, ಅವರು ತಮ್ಮ ಕೋಣೆಯಲ್ಲಿ ಕಾಯದೆ ದಿನಕ್ಕೊಮ್ಮೆ ವಾರ್ಡಿಗೆ ಬರಬೇಕು.

ಎಲ್ಲರನ್ನೂ ಎಬ್ಬಿಸಿ ಓಡಿಸಿ ಎಂದು ನಾನು ಹೇಳುತ್ತಿಲ್ಲ. ಈಗಷ್ಟೇ ಹೃದಯಾಘಾತವಾದವರು, ರಕ್ತಸ್ರಾವ ನಿಲ್ಲದವರು, ಬಿ.ಪಿ. ಸ್ಥಿರವಿಲ್ಲದವರು, ಮೂಳೆ ಮುರಿದು ಆಪರೇಶನ್ ಆಗದವರು, ಇವರ ವಿಷಯ ವೈದ್ಯರೇ ತೀರ್ಮಾನಿಸಬೇಕು. ಲಕ್ವ ಹೊಡೆದವರನ್ನು ಮೊದಲ 24 ಗಂಟೆಯೊಳಗೇ ಹೆಚ್ಚು ಹೆಚ್ಚು ನಡೆಸಲು ಹೋದರೆ ಒಳಿತಿಗಿಂತ ಕೆಡುಕೇ ಎಂದು ಹಲವು ದೇಶಗಳಲ್ಲಿ ನಡೆದು 2015ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದು ತೋರಿಸಿದೆ. ಸೊಂಟದ ಮೂಳೆಯ ಆಪರೇಶನ್ ಆದವರ ವಿಷಯ ಇದಕ್ಕೆ ತಿರುಗುಮುರುಗು. ಬೇರೆ ತೊಡಕಿಲ್ಲದಿದ್ದರೆ ಮರುದಿನವೇ ಎಬ್ಬಿಸಿ ನಿಲ್ಲಿಸಬೇಕು ಎಂಬುದು ಈಗ ಎಲ್ಲೆಡೆ ಒಪ್ಪಿದ ಪದ್ಧತಿ. ಆದ್ದರಿಂದಲೇ ಪ್ರತಿಯೊಬ್ಬರಿಗೂ ಬೇರೆಬೇರೆಯಾಗಿ ಬರೆಯಬೇಕು ಎನ್ನುತ್ತೇನೆ. ಏಳಬಾರದವರಿಗೆ ಏಳಬಾರದು ಎಂದೇ ಬರೆಯಲಿ, ಎಷ್ಟು ದಿನ ಎಂಬುದನ್ನೂ ಬರೆಯಲಿ. ಅಂಥವರಿಗೂ ಎರಡೆರಡು ಗಂಟೆಗೆ ಮಗ್ಗುಲು ಬದಲಿಸುವುದು, ಪಾದ ಆಡಿಸುವುದು, ದೀರ್ಘ ಉಸಿರು ತೆಗೆಸುವುದು ಇದ್ದೇ ಇದೆ.

ಈಗ ಮನೆಯವರಿಗೆ ನಾಲ್ಕು ಮಾತು. ನಮ್ಮ ವಾರ್ಡುಗಳಲ್ಲಿ ಪ್ರತಿ ರೋಗಿಯ ಜೊತೆ ಒಬ್ಬರು ಇದ್ದೇ ಇರುತ್ತಾರೆ. ಪರದೇಶದ ಆಸ್ಪತ್ರೆಗಳು ಸ್ವಯಂಸೇವಕರನ್ನು ಹುಡುಕಿ ತರಬೇತಿ ಕೊಡಬೇಕು, ನಮ್ಮಲ್ಲಿ ಮಗಳು, ಸೊಸೆ, ಮೊಮ್ಮಗ ಮಂಚದ ಕೆಳಗೆ ಚಾಪೆ ಹಾಸಿಕೊಂಡು ತಯಾರಾಗಿಯೇ ಇದ್ದಾರೆ. ಅವರಿಗೆ ಹೇಗೆಂದು ತೋರಿಸುವವರು ಬೇಕು, ಅಷ್ಟೇ.

ಸಿಸ್ಟರನ್ನು ಕೇಳಿ, "ಅಕ್ಕೋರೆ, ನಮ್ಮ ಆಯಿನ ಇವತ್ತು ಏಳಿಸ್ಲಕ್ಕಾ?" ಅಂತ. ಹೂಂ ಎಂದರೆ ಅವಸರ ಬೇಡ. ಮೊದಲು ಮಗ್ಗುಲಾಗಿಸಿ, ಕಾಲು ಇಳಿಬಿಟ್ಟು ಕೂರಿಸಿ, ಪಾದ ನೆಲಕ್ಕೋ ಮಣೆಗೋ ಊರಲಿ. ಒಂದೆರಡು ನಿಮಿಷ ಹಾಗೇ ಕೂತಿರಲಿ, ಹಿಮ್ಮಡಿ ಮೇಲೆ ಕೆಳಗೆ ಆಡಿಸಲಿ. ತಲೆ ತಿರುಗುತ್ತದೆಯೇ ಕೇಳಿ. ತಿರುಗಿದರೆ ಮಲಗಿಸಿ, ಸಿಸ್ಟರಿಗೆ ತಿಳಿಸಿ. ಇಲ್ಲವೆಂದರೆ ಎದ್ದು ನಿಂತು, ನಿಂತಲ್ಲೇ ಕಾಲೆತ್ತಿ ಇಡಲಿ. ರಟ್ಟೆ ಹಿಡಿದು ಮೇಲಕ್ಕೆ ಎಳೆಯಬೇಡಿ, ಭುಜದ ಕೀಲು ಜಾರಬಹುದು. ಪಕ್ಕದಲ್ಲಿ ನಿಂತು ಒಂದು ಕೈ ಬೆನ್ನಿಗೆ, ಒಂದು ಕೈ ಅವರ ಅಂಗೈಗೆ ಕೊಡಿ. ಸೀರೆ, ಲುಂಗಿ ಕಾಲಿಗೆ ತೊಡರದಷ್ಟು ಎತ್ತಿ ಕಟ್ಟಿ. ಸವೆದ ಹವಾಯಿ ಚಪ್ಪಲಿ ಬೇಡ. ಊಟ ಮಲಗಿಸಿ ಬೇಡ, ಕೂರಿಸಿಯೇ ಆಗಲಿ, ತಟ್ಟೆಗೆ ಅವರೇ ಕೈ ಹಾಕಲಿ, ಚೆಲ್ಲಿದರೆ ಚೆಲ್ಲಲಿ. ತಲೆ ಬಾಚಿಕೊಳ್ಳುವುದು, ಮುಖ ತೊಳೆಯುವುದು ಅವರ ಕೈಯಿಂದಲೇ ಆಗಲಿ. ಕನ್ನಡಕ, ಹಲ್ಲಿನ ಸೆಟ್ಟು, ಕಿವಿಯ ಯಂತ್ರ, ಅವರದೇ ಊರುಗೋಲು ಆಸ್ಪತ್ರೆಗೆ ಬರಲೇಬೇಕು. ಕಳೆದುಹೋದಾವು ಎಂದು ಇವನ್ನೆಲ್ಲ ಮನೆಯ ಕಪಾಟಿನಲ್ಲಿ ಭದ್ರವಾಗಿಟ್ಟು ಬರುವುದು ನಮ್ಮ ಕಡೆಯ ರೂಢಿ.

ನೋಡಲು ಬರುವ ನೆಂಟರು ಎಳನೀರು, ಬಿಸ್ಕಿಟ್ ತಂದು, ಮಂಚದ ಸುತ್ತ ಕೂತು, ಪಾಪ ಎಂದು ಹೋಗುತ್ತಾರೆ. ಬಂದವರಲ್ಲಿ ಒಬ್ಬರು ಅವರನ್ನು ಕಾರಿಡಾರಿನ ಕಿಟಕಿಯವರೆಗೆ ನಡೆಸಿಕೊಂಡು ಹೋಗಿ ಬಂದರೆ ಎಳನೀರಿಗಿಂತ ದೊಡ್ಡ ಉಪಕಾರ.

ಗಂಜಿಯ ಬಗ್ಗೆಯೂ ಹೇಳಬೇಕು. ಒಂದು ಹೊತ್ತು ಎರಡು ಹೊತ್ತು ಸರಿ. ವಾರವಿಡೀ ಗಂಜಿ, ಉಪ್ಪಿನಕಾಯಿ ಕೊಟ್ಟರೆ ಮಾಂಸಖಂಡ ಎಲ್ಲಿಂದ ಬರಬೇಕು? ಕಾಯಿಲೆ ಬಿದ್ದ ಹಿರಿಯರಿಗೆ ದಿನಕ್ಕೆ ಮೈತೂಕದ ಪ್ರತಿ ಕೆಜಿಗೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕೆಂಬುದು ತಜ್ಞರ ಸಲಹೆ. 50 ಕೆಜಿ ತೂಕದವರಿಗೆ 60 ಗ್ರಾಮಿಗೆ ಕಡಿಮೆಯಿಲ್ಲ. ತಿನ್ನುವವರಿಗೆ ಮೊಟ್ಟೆ, ಮುಳ್ಳು ಬಿಡಿಸಿದ ಮೀನು. ತಿನ್ನದವರಿಗೆ ಹೆಸರುಬೇಳೆ ತೊವ್ವೆ, ಹಾಲು, ಮೊಸರು, ಮೊಳಕೆ ಕಾಳು ಬೇಯಿಸಿ ಅರೆದದ್ದು. ಕಿಡ್ನಿ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳಿಯೇ ಕೊಡಬೇಕು.

ನಮ್ಮ ಜಿಲ್ಲೆಯ ದೊಡ್ಡ ಆಪರೇಶನ್‌ಗಳು ಹೆಚ್ಚಾಗಿ ಆಗುವುದು ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾದಲ್ಲಿ. ಅಲ್ಲಿ ಫಿಸಿಯೋಥೆರಪಿಸ್ಟರು ನಿಲ್ಲಿಸಿ, ನಡೆಸಿ, ವ್ಯಾಯಾಮದ ಚೀಟಿ ಕೊಟ್ಟು ಕಳಿಸುತ್ತಾರೆ. ಘಟ್ಟ ಹತ್ತಿ ಊರು ಸೇರಿದ ಮೇಲೆ ಆ ಚೀಟಿ ಔಷಧಿ ಚೀಲದ ತಳ ಸೇರುತ್ತದೆ. ಹಾಗಾಗಿ ಡಿಸ್ಚಾರ್ಜ್ ಆದವರ ಮಾಹಿತಿ ಊರಿನ ಆಶಾ ಕಾರ್ಯಕರ್ತೆಗೂ ಆರೋಗ್ಯ ಉಪಕೇಂದ್ರಕ್ಕೂ ತಲುಪುವ ಏರ್ಪಾಡು ಆಗಬೇಕು, ಮೊದಲ ವಾರದಲ್ಲೇ ಒಬ್ಬರು ಹೋಗಿ ಎದ್ದು ನಡೆಯುತ್ತಿದ್ದಾರೆಯೇ ಎಂದು ನೋಡಿ ಬರಬೇಕು. ಆಶಾ ಕಾರ್ಯಕರ್ತೆಯರ ತಲೆಯ ಮೇಲೆ ಈಗಾಗಲೇ ಹೊರೆ ಹೆಚ್ಚಿದೆ, ಈ ಕೆಲಸಕ್ಕೆ ಅವರಿಗೆ ಸಂಭಾವನೆಯನ್ನೂ ಸೇರಿಸಿ ಕೊಡಿ.

ಒಮ್ಮೆಲೇ 12 ತಾಲೂಕಿನಲ್ಲೂ ಶುರುಮಾಡಿ ಎಂದು ನಾನು ಹಟ ಹಿಡಿಯುವುದಿಲ್ಲ. ಕಾರವಾರದಲ್ಲಿ ಒಂದು ವಾರ್ಡು, ಶಿರಸಿಯಲ್ಲಿ ಒಂದು, ಕುಮಟಾ ಅಥವಾ ಹೊನ್ನಾವರದಲ್ಲಿ ಒಂದು, ಮೂರೇ ಕಡೆ ಶುರುವಾಗಲಿ. ಎಪ್ಪತ್ತು ದಾಟಿದ ಪ್ರತಿ ರೋಗಿ ಬರುವಾಗ ಹೇಗೆ ನಡೆಯುತ್ತಿದ್ದರು, ಹೋಗುವಾಗ ಹೇಗೆ ನಡೆದರು ಎಂಬ ಎರಡು ಕಾಲಮ್ಮಿನ ಒಂದು ರಿಜಿಸ್ಟರ್ ಇರಲಿ. ಆರು ತಿಂಗಳಿಗೆ ಅದನ್ನು ತೆರೆದು ನೋಡಿ ಮುಂದಿನದನ್ನು ತೀರ್ಮಾನಿಸಿ. ಜೂನ್ ಬಂದರೆ ಇಲಿಜ್ವರ, ನ್ಯುಮೋನಿಯಾ, ಹಾವಸೆಯಲ್ಲಿ ಜಾರಿ ಬೀಳುವುದು ಎಲ್ಲ ಒಟ್ಟಿಗೇ ಬಂದು ವಾರ್ಡು ತುಂಬುತ್ತದೆ. ಆದ್ದರಿಂದ ಕುರ್ಚಿ, ಕಂಬಿ, ಸುತ್ತೋಲೆ ಈ ಮೂರಾದರೂ ಮಳೆಗಾಲಕ್ಕೆ ಮುಂಚೆ ಆಗಬೇಕು.

ಜೊತೆಗೆ ಕೂರುವ ಮನೆಯವರಿಗೆ ಏಳಿಸುವ, ನಡೆಸುವ ಕ್ರಮ ಹೇಳಿಕೊಡಲು ನನ್ನಂಥ ನಿವೃತ್ತ ಶುಶ್ರೂಷಕಿಯರು ಪ್ರತಿ ತಾಲೂಕಿನಲ್ಲೂ ಇದ್ದೇವೆ. ಸಂಬಳ ಕೇಳುವುದಿಲ್ಲ. ಸಂಜೆ ಭೇಟಿಯ ವೇಳೆಯಲ್ಲಿ ವಾರ್ಡಿಗೆ ಬಂದು ಕಲಿಸಲು ಅನುಮತಿ ಪತ್ರ ಕೊಟ್ಟರೆ ಸಾಕು, ಶಿರಸಿಯಲ್ಲಿ ಆ ಕೆಲಸಕ್ಕೆ ನಾನು ಬರುತ್ತೇನೆ. ತಮ್ಮ ಉತ್ತರಕ್ಕೆ ಕಾಯುತ್ತಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶುಶ್ರೂಷಕಿ
ಶಿರಸಿ